ಒಂಬತ್ತನೇ ಗೋಲಿ ಎಲ್ಲಿ ಹೋಯಿತು?

ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿದ್ದ ಟಿವಿ ಗೇಮ್ ಸೆಟ್ಟು ನಿಂಟೆಂಡೊ ಫ್ಯಾಮಿಕಾಮ್‌ನ ನಕಲು. ನಕಲು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಬಿಡಿ. ಶತ್ರುಗಳು ಗುಂಪಾಗಿ ಬಂದರೆ ಬೊಂಬೆಗಳೆಲ್ಲ ಮಿಣುಕುತ್ತಿದ್ದವು. "ಸೆಟ್ ಕಾದಿದೆ ಕಣೋ, ಆಫ್ ಮಾಡು" ಅನ್ನುತ್ತಿದ್ದ ಅಣ್ಣ. ಹತ್ತು ನಿಮಿಷ ಆರಲು ಬಿಟ್ಟು ಮತ್ತೆ ಹಾಕುತ್ತಿದ್ದೆವು.

ಕಳೆದ ವರ್ಷ ಅದೇ ಸೆಟ್ಟಿಗೆ ನಾನೇ ಒಂದು ಗೋಲಿ ಆಟ ಬರೆಯಲು ಕೂತೆ. ದಿನವಿಡೀ ಕೋಡ್ ಬರೆಯುವವನು, ಇದೇನು ಮಹಾ ಅಂದುಕೊಂಡಿದ್ದೆ. ಫ್ಯಾಮಿಕಾಮ್ ಜಪಾನಿನಲ್ಲಿ ಬಂದಿದ್ದು 1983ರ ಜುಲೈನಲ್ಲಿ, 14,800 ಯೆನ್‌ಗೆ. ಅದನ್ನು ವಿನ್ಯಾಸ ಮಾಡಿದ ಮಸಾಯುಕಿ ಉಎಮುರಾ ಆ ಬೆಲೆಗೆ ಏನೇನು ಬಿಟ್ಟರು ಅನ್ನೋದು ಬರೆಯಲು ಶುರು ಮಾಡಿದರೆ ಗೊತ್ತಾಗುತ್ತದೆ. ಪ್ರೊಸೆಸರ್ 6502 ಅನ್ನೋ ಹಳೇ ಚಿಪ್ಪಿನ ವಂಶದ್ದು, ವೇಗ 1.79 ಮೆಗಾಹರ್ಟ್ಸ್. ಗುಣಿಸಲು ಬರುವುದಿಲ್ಲ, ಕೂಡುತ್ತಾ ಹೋಗಬೇಕು. ಕೆಲಸದ ಮೆಮೊರಿ 2 ಕೆಬಿ. ನೀವು ಓದುತ್ತಿರುವ ಈ ಬರಹವೇ ಅದರಲ್ಲಿ ಹಿಡಿಸುವುದಿಲ್ಲ.

ಕಂಪ್ಯೂಟರ್‌ನಲ್ಲೇ ಸೆಟ್ಟಿನ ಹಾಗೆ ಆಟ ಓಡಿಸುವ ಎಮ್ಯುಲೇಟರ್‌ನಲ್ಲಿ ಒಂಬತ್ತು ಗೋಲಿ ಸಾಲಾಗಿ, ನೀಟಾಗಿ ಕಂಡವು. ಖುಷಿಯಿಂದ ಅದನ್ನು, ಬರೆದು ಅಳಿಸಬಹುದಾದ ಕ್ಯಾಸೆಟ್ಟಿಗೆ ತುಂಬಿ ಸೆಟ್ಟಿಗೆ ಹಾಕಿದೆ. ಎಂಟೇ ಗೋಲಿ! ಬಲತುದಿಯ ಹಸಿರು ಗೋಲಿ ನಾಪತ್ತೆ. ಕ್ಯಾಸೆಟ್ ತೆಗೆದು, ಊದಿ, ಮತ್ತೆ ಹಾಕಿದೆ. ಹಳೇ ಚಾಳಿ, ಹೋಗಲ್ಲ. ಊಹೂಂ. ಎರಡು ರಾತ್ರಿ ಕೋಡ್ ತಡಕಾಡಿದ ಮೇಲೆ ಗೊತ್ತಾಯಿತು: ಒಂದು ಗೆರೆಗೆ ಎಂಟೇ ಸ್ಪ್ರೈಟ್ (ಗೋಲಿಯಂಥ, ಓಡಾಡುವ ಪುಟ್ಟ ಚಿತ್ರ) ಅನ್ನುವ ಮಿತಿಯನ್ನು ತೆಗೆಯುವ ಆಯ್ಕೆಯೊಂದು ಎಮ್ಯುಲೇಟರ್‌ನಲ್ಲಿದೆ, ಅದನ್ನು ಯಾವಾಗಲೋ ಆನ್ ಮಾಡಿ ಮರೆತಿದ್ದೆ.

ಪರದೆಯಲ್ಲಿ 256×240 ಚುಕ್ಕಿಗಳಿವೆ. ಇಡೀ ಚಿತ್ರವನ್ನು ಇಟ್ಟುಕೊಳ್ಳಲು ಈ ಸೆಟ್ಟಿನಲ್ಲಿ ಜಾಗವೇ ಇಲ್ಲ. ಟಿವಿ ಒಂದೊಂದು ಗೆರೆ ಎಳೆಯುತ್ತಿದ್ದಂತೆ ಚಿತ್ರದ ಚಿಪ್ ಆಗಿಂದಾಗಲೇ ಬಣ್ಣ ಕೊಡುತ್ತದೆ. ಅದರ ಜೊತೆಗೇ, ಮುಂದಿನ ಗೆರೆಗೆ ಯಾವ್ಯಾವ ಸ್ಪ್ರೈಟ್ ಬೇಕು ಅಂತ 64ರ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ. ಎಂಟು ಸಿಕ್ಕಿದರೆ ಬುಟ್ಟಿ ತುಂಬಿತು. ಒಂಬತ್ತನೆಯದಕ್ಕೆ ಜಾಗವಿಲ್ಲ. ನಕಲು ಮಾಡಿದವರು ಇದನ್ನೂ ಬಿಟ್ಟಿಲ್ಲ ನೋಡಿ, ಹಾಗೇ ಇಳಿಸಿದ್ದಾರೆ.

ಮೊದಲು ಪಟ್ಟಿಯ ಕ್ರಮವನ್ನು ಪ್ರತಿ ಫ್ರೇಮ್‌ಗೂ, ಅಂದರೆ ಪರದೆಯ ಚಿತ್ರ ಹೊಸದಾಗಿ ಬರೆದಾಗಲೆಲ್ಲ, ತಿರುಗಿಸಿದೆ. ಈ ಸಲ ಹಸಿರು ಹೋದರೆ ಮುಂದಿನ ಸಲ ಕೆಂಪು. ಯಾವ ಗೋಲಿಯೂ ಪೂರ್ತಿ ಮಾಯವಾಗಲಿಲ್ಲ, ಆದರೆ ಒಂಬತ್ತೂ ಮಿಣುಕತೊಡಗಿದವು. ನೋಡುತ್ತಾ ಕೂತೆ. ಇದು ನನಗೆ ಚೆನ್ನಾಗಿ ಗೊತ್ತಿದ್ದ ಮಿಣುಕು! ಆಗ ಆಟ ಬರೆದವರು ಬೇಕೆಂದೇ ಮಾಡಿದ್ದ ಉಪಾಯ ಇದು. ಸೆಟ್ ಕಾದಿದ್ದೇ ಇರಲಿಲ್ಲ.

ಆಮೇಲೆ ಸರಿಯಾದ ದಾರಿ ಹಿಡಿದೆ. ನಿಂತ ಗೋಲಿಗೆ ಸ್ಪ್ರೈಟ್ ಯಾಕೆ? ಹಿನ್ನೆಲೆ ಚಿತ್ರಕ್ಕೆ ಈ ಮಿತಿ ಇಲ್ಲ, ಗೋಲಿಗಳನ್ನು ಅಲ್ಲೇ ಬರೆದೆ. ಆದರೆ ಅಲ್ಲಿ 16×16 ಚುಕ್ಕಿಯ ಚೌಕಕ್ಕೆ ಬಣ್ಣಗಳ ಒಂದೇ ಗುಂಪು. ಬೇರೆ ಬೇರೆ ಗುಂಪಿನ ಕೆಂಪು, ಹಸಿರು ಗೋಲಿಗಳು ಒಂದೇ ಚೌಕದಲ್ಲಿ ಅಂಟಿಕೊಂಡು ಕೂರುವಂತಿಲ್ಲ. ಗೋಲಿಗಳ ನಡುವೆ ಅಂತರ ಬಿಟ್ಟೆ. ಈಗ ಉರುಳುವ ಗೋಲಿಗಳಷ್ಟೇ ಸ್ಪ್ರೈಟ್.

ಮೊನ್ನೆ ಹಬ್ಬಕ್ಕೆ ಬಂದ ಅಣ್ಣ ಆಡಿದ. ಮೊದಲ ಏಟಿಗೇ ಸಾಲೆಲ್ಲ ಚದುರಿ ಅಷ್ಟೂ ಗೋಲಿಗಳು ಒಟ್ಟಿಗೆ ಉರುಳಿದವು. ಮತ್ತೆ ಮಿಣುಕು.

"ಕಾದಿದೆ ಕಣೋ, ಆಫ್ ಮಾಡು" ಅಂದ.