ಗೆರೆ ಎಳೆದು ಗಾಡಿ ದಾಟಿಸುವ ಆಟ: ನಾನು ಆಡುವ ರೀತಿ

ಶಿರಸಿ–ಕುಮಟಾ ನಡುವೆ ಪಿಕಪ್ ಓಡಿಸುವುದು ನನ್ನ ಕೆಲಸ. ಲೋಡ್ ಇಳಿಯುವ ತನಕ ಕಾಯುವಾಗ ಮೊಬೈಲಿನಲ್ಲಿ ಗೆರೆ ಎಳೆಯುವ ಆಟ ಆಡುತ್ತೇನೆ. ಈ ಕಡೆ ಗಾಡಿ, ಆ ಕಡೆ ಬಾವುಟ, ನಡುವೆ ಹೊಂಡ. ಬೆರಳಲ್ಲಿ ಎಳೆದ ಗೆರೆಯೇ ರಸ್ತೆ. ಆಮೇಲೆ ಗಾಡಿ ತಾನೇ ಓಡುತ್ತದೆ. ಸ್ಟೇರಿಂಗ್ ಇಲ್ಲ, ಬ್ರೇಕ್ ಇಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುವ ಆಟ ಇದು, ಹಾಗಾಗಿ ಘಟ್ಟದ ಕಡೆಯವರಿಗೆ ಹೇಳಿ ಮಾಡಿಸಿದ್ದು.

ಹೊಸಬರು ಇಳಿಜಾರು ಎಷ್ಟು ಕಡಿದಾಗಿದೆ ಅಂತ ನೋಡುತ್ತಾರೆ. ನಾನು ನೋಡುವುದು ಇಳಿಜಾರು ಮುಗಿಯುವ ಜಾಗವನ್ನು. ಗಾಡಿ ಮಗುಚುವುದು ಹೆಚ್ಚಾಗಿ ಅಲ್ಲೇ. ರಭಸದಿಂದ ಕೆಳಗೆ ಬರುತ್ತಿದ್ದ ಚಕ್ರಕ್ಕೆ ಥಟ್ಟನೆ ಸಪಾಟು ನೆಲ ಎದುರಾದರೆ, ಕೆಳಮುಖವಾಗಿದ್ದ ವೇಗವೆಲ್ಲ ಪೆಟ್ಟಾಗಿ ತಿರುಗಿ ಬರುತ್ತದೆ. ಮುಂದಿನ ಚಕ್ರ ಪುಟಿಯುತ್ತದೆ, ಗಾಡಿ ಪಲ್ಟಿ. ಅದಕ್ಕೆ ಇಳಿಜಾರಿನ ಬುಡವನ್ನು ಯಾವಾಗಲೂ ಉದ್ದಕ್ಕೆ ಬಗ್ಗಿಸುತ್ತೇನೆ. ಗಾಡಿ ಹಾರಿ ಬೀಳಬೇಕಾದ ಕಡೆಯಲ್ಲೂ ಇದೇ ಲೆಕ್ಕ. ಅದು ಯಾವ ಓರೆಯಲ್ಲಿ ಬೀಳುತ್ತದೋ ಗೆರೆಯೂ ಅದೇ ಓರೆಯಲ್ಲಿ ಇರಬೇಕು. ಆಗ ಪೆಟ್ಟೇ ಬೀಳುವುದಿಲ್ಲ, ಗಾಡಿ ಜಾರಿಕೊಂಡು ಹೋಗುತ್ತದೆ.

ಏರಿನಲ್ಲಿ ಬೇರೆಯೇ ತೊಂದರೆ. ಇಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಗಾಡಿಯ ಮೈ ಹಿಂದಕ್ಕೆ ತಿರುಗಲು ನೋಡುತ್ತದೆ. ಏರು ಜಾಸ್ತಿಯಾದರೆ ಮೂತಿ ಎದ್ದು ಬೆನ್ನ ಮೇಲೆ ಬೀಳುತ್ತದೆ. ನಮ್ಮ ಕರಾವಳಿಯ ಕೊಂಕಣ ರೈಲು ಹಾದಿಯನ್ನು 150 ಮೀಟರಿಗೆ 1 ಮೀಟರಿಗಿಂತ ಜಾಸ್ತಿ ಏರದಂತೆ ಕಟ್ಟಿದ್ದಾರೆ. ಅದಕ್ಕಾಗಿಯೇ ಅಷ್ಟೊಂದು ಸುರಂಗ, ಸೇತುವೆ. ಆಟದಲ್ಲಿ ಅಷ್ಟು ಉದ್ದದ ಗೆರೆ ಎಳೆಯಲು ಶಾಯಿ ಕೊಡುವುದಿಲ್ಲ. ಗೆರೆ ಗಿಡ್ಡವಾದಷ್ಟೂ ಸ್ಟಾರ್ ಜಾಸ್ತಿ. ಹಾಗಾಗಿ ಏರುವ ಮೊದಲು ಇಳಿಜಾರಿನಲ್ಲೇ ವೇಗ ಗಳಿಸಿಕೊಳ್ಳುತ್ತೇನೆ. ವೇಗ ಬೇಗ ಸಿಗಲು ನೇರ ಗೆರೆಗಿಂತ, ಶುರುವಿನಲ್ಲೇ ಆಳಕ್ಕೆ ಇಳಿದು ಆಮೇಲೆ ಸಪಾಟಾಗುವ ಗೆರೆ ಒಳ್ಳೆಯದು. ದೂರ ಸ್ವಲ್ಪ ಜಾಸ್ತಿಯಾದರೂ ಗಾಡಿ ಬೇಗ ಮುಟ್ಟುತ್ತದೆ. ಯಾವ ಗೆರೆಯಲ್ಲಿ ಜಾರಿದರೆ ಎಲ್ಲಕ್ಕಿಂತ ಬೇಗ ಕೆಳಗೆ ಮುಟ್ಟಬಹುದು ಅಂತ 1696ರಲ್ಲೇ ಯೋಹಾನ್ ಬರ್ನೂಲಿ ಎಂಬ ಗಣಿತಜ್ಞ ಸವಾಲು ಒಡ್ಡಿದ್ದ. ನನಗೆ ಇದು ತುಂಬಾ ಇಷ್ಟವಾದ ವಿಷಯ.

ಕೆಲವು ಆಟಗಳಲ್ಲಿ ಗೆರೆಗೂ ಭಾರ ಇರುತ್ತದೆ. ಎಳೆದ ಕೂಡಲೇ ಕೆಳಗೆ ಬೀಳುತ್ತದೆ. ಅಲ್ಲಿ ಕಮಾನು ಮಾಡಿ ಶಾಯಿ ದಂಡ ಮಾಡಬೇಡಿ. ಸಾಮಾನ್ಯವಾಗಿ ಈ ಆಟಗಳ ಗೆರೆ ಬಗ್ಗುವುದೂ ಇಲ್ಲ, ಮುರಿಯುವುದೂ ಇಲ್ಲ, ಆದ್ದರಿಂದ ಕಮಾನಿನಿಂದ ಬಲವೇನೂ ಬರುವುದಿಲ್ಲ. ಜಾರದಂತೆ ನೋಡಿಕೊಂಡರೆ ಸಾಕು. ಗೆರೆಯ ಎರಡೂ ತುದಿಯನ್ನು ದಡ ದಾಟಿಸಿ, ಎಡೆಯಿದ್ದರೆ ಒಂದು ತುದಿಯನ್ನು ಕೊಕ್ಕೆಯ ಹಾಗೆ ಕೆಳಕ್ಕೆ ಮಡಚುತ್ತೇನೆ. ದಡಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ.

ನನ್ನ ತಂಗಿಯ ಮಗನೂ ಆಡುತ್ತಾನೆ. “ಮಾವ, ನಿನ್ನ ಹಾಗೇ ಎಳೆದೆ, ಆದರೂ ಗಾಡಿ ಕುಣೀತದೆ” ಅಂದ. ಅವನ ಗೆರೆಯನ್ನು ದೊಡ್ಡದು ಮಾಡಿ ನೋಡಿದರೆ ತುಂಬಾ ಸಣ್ಣ ಸಣ್ಣ ಹಲ್ಲುಗಳು. ನಮ್ಮ ಬೆರಳು ಹೋದ ದಾರಿಯನ್ನು ಮೊಬೈಲ್ ಚುಕ್ಕಿಗಳಾಗಿ ಹಿಡಿಯುತ್ತದೆ, ಆಟ ಆ ಚುಕ್ಕಿಗಳನ್ನು ಸೇರಿಸುತ್ತದೆ. ತೀರಾ ನಿಧಾನ ಎಳೆದರೆ ಕೈ ನಡುಕವೆಲ್ಲ ರಸ್ತೆಯ ಮೇಲೆ ಬೀಳುತ್ತದೆ. ತೀರಾ ಜೋರಾಗಿ ಎಳೆದರೆ ಚುಕ್ಕಿಗಳು ದೂರ ದೂರವಾಗಿ ತಿರುವು ಮೂಲೆಮೂಲೆಯಾಗುತ್ತದೆ. ಎರಡೂ ಕಡೆ ಚಕ್ರ ಎಡವುತ್ತದೆ. ಮೊಬೈಲನ್ನು ಮೇಜಿನ ಮೇಲಿಟ್ಟು, ಬೆರಳನ್ನಲ್ಲ, ಮೊಣಕೈಯಿಂದ ಇಡೀ ಕೈಯನ್ನು ಆಡಿಸಿ ಒಂದೇ ಉಸಿರಿಗೆ ಎಳೆ ಅಂದೆ. ಅಲ್ಲೇ ಎಳೆದು ನೋಡಿದ, ಹಲ್ಲು ಬಹಳ ಕಡಿಮೆಯಾಯಿತು.

ಬಸ್ಸು, ಲಾರಿ ಬಂದ ಹಂತಗಳಲ್ಲಿ ಮಾತ್ರ ಇನ್ನೊಂದು ಎಚ್ಚರ ಬೇಕು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಅಂತರ ಜಾಸ್ತಿ. ದಿಬ್ಬದ ನೆತ್ತಿ ಚೂಪಾಗಿದ್ದರೆ ಹೊಟ್ಟೆ ತಾಗಿ ಅಲ್ಲೇ ನೇತಾಡುತ್ತದೆ. ಕಾರು ದಾಟಿದ ಗೆರೆಯನ್ನೇ ಬಸ್ಸಿಗೂ ಎಳೆಯದೆ, ನೆತ್ತಿಯನ್ನು ಬಸ್ಸಿನ ಉದ್ದಕ್ಕಿಂತ ಅಗಲವಾಗಿ ಸವರಿಬಿಡಿ.