ಒಡೆದ ಬಶಿಯಲ್ಲಿ ಕಸೂತಿ ಗೋಪುರ

ನನ್ನ ಮೊದಲ ಮೊಸಾಯಿಕ್ ಒಂದು ನವಿಲು. ಬಾಗಲಕೋಟೆ ನವನಗರದ ನಮ್ಮ ಮನೆಯ ಅಂಗಳದ ಗೋಡೆಗೆ, ಮರಗೆಲಸದ ಬಿಳಿ ಅಂಟು ಬಳಿದು ಟೈಲ್ಸ್ ಚೂರು ಹಚ್ಚಿದ್ದೆ. ಒಂದೇ ಮಳೆಗಾಲಕ್ಕೆ ಅರ್ಧ ಉದುರಿತು. ‘ನವಿಲು ಹಾರಿ ಹೋತಲ್ಲವಾ!’ ಎಂದು ಅವ್ವ ನಕ್ಕಳು.

ಈ ಕೆಲಸಕ್ಕೆ ಶಾಲೆ ಬೇಕಿಲ್ಲ. ಫ್ರಾನ್ಸಿನ ಶಾರ್ತ್ರ್ ಊರಿನ ರೇಮಂಡ್ ಇಸಿದೋರ್ ಸ್ಮಶಾನದಲ್ಲಿ ಕಸ ಗುಡಿಸುತ್ತಿದ್ದವರು. 1938ರಲ್ಲಿ ಶುರುಮಾಡಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ತಮ್ಮ ಮನೆಗೆಲ್ಲ ಒಡೆದ ಪಿಂಗಾಣಿ ಅಂಟಿಸಿದರು. ಹೊಲಿಗೆ ಯಂತ್ರವನ್ನೂ ಬಿಡಲಿಲ್ಲ! ನಮ್ಮಲ್ಲೇ ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಬಳೆಚೂರು, ಕಪ್-ಬಶಿ ಚೂರುಗಳಿಂದ ರಾಕ್ ಗಾರ್ಡನ್ ಕಟ್ಟಿದರು. ಶಾಲೆ ಬೇಡ, ಸರಿ. ಆದರೆ ಗೋಡೆಯ ಗುಣ ತಿಳಿದಿರಬೇಕು.

ಮೊದಲು ಗೋಡೆ

ಡಿಸ್ಟೆಂಪರ್, ಸುಣ್ಣ ಏನಿದ್ದರೂ ಪೂರ್ತಿ ಕೆರೆದು ತೆಗೆಯಿರಿ. ಅಂಟು ಹಿಡಿದರೂ ಬಣ್ಣದ ಪದರವೇ ಗೋಡೆ ಬಿಟ್ಟು ಬರುತ್ತದೆ. ನನ್ನ ನವಿಲಿಗೆ ಆದದ್ದು ಅದೇ. ಗೋಡೆಯನ್ನು ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಅಲ್ಲಿಯ ಗಿಲಾವ್ (ಪ್ಲಾಸ್ಟರ್) ಕಿತ್ತು ಹೊಸದಾಗಿ ಮಾಡಿಸಿ. ನುಣುಪಾಗಿದ್ದರೆ ಉಳಿಯಿಂದ ಸಣ್ಣ ಸಣ್ಣ ಕಚ್ಚು ಹಾಕಿ, ಧೂಳು ತೊಳೆದು, ಸ್ವಲ್ಪ ತೇವ ಮಾಡಿ. ನಮ್ಮ ಓಣಿಯ ಗೌಂಡಿ ಕಾಕಾ ಹೇಳಿದ ಮಾತು: ‘ಗೋಡಿಗೆ ನೀರಡಿಕಿ ಆಗಿದ್ರ, ಸಿಮೆಂಟಿನ ನೀರೆಲ್ಲಾ ಅದಾ ಕುಡಿತೈತ್ರಿ ಅಕ್ಕಾರ.’

ಚೂರು

ಟೈಲ್ಸ್ ಅಂಗಡಿಗಳಲ್ಲಿ ಒಡೆದ ಮಾಲು ಬಿದ್ದಿರುತ್ತದೆ, ಕೇಳಿದರೆ ಸುಮ್ನೆ ಕೊಟ್ಟುಬಿಡುತ್ತಾರೆ. ಎಲ್ಲವೂ ಕೆಲಸಕ್ಕೆ ಬರುವುದಿಲ್ಲ. ಹಿಂಬದಿಗೆ ಒಂದು ಹನಿ ನೀರು ಬಿಟ್ಟು ನೋಡಿ. ಹೀರಿಕೊಂಡರೆ ಅದು ಗೋಡೆಗೆ ಹಾಕುವ ಸೆರಾಮಿಕ್. ಸುಲಭವಾಗಿ ತುಂಡಾಗುತ್ತದೆ, ಚೆನ್ನಾಗಿ ಅಂಟುತ್ತದೆ. ಹನಿ ಹಾಗೇ ನಿಂತರೆ ವಿಟ್ರಿಫೈಡ್, ಅಂದರೆ ನೀರು ಹೀರದ ಗಟ್ಟಿ ಟೈಲ್ಸ್. ಅದನ್ನು ಕತ್ತರಿಸುವಷ್ಟರಲ್ಲಿ ಕೈ ಸೋಲುತ್ತದೆ.

ಟೈಲ್ಸನ್ನು ಗೋಣಿಚೀಲದೊಳಗಿಟ್ಟು ಸುತ್ತಿಗೆಯಿಂದ ಬಡಿಯಿರಿ. ಕನ್ನಡಕ, ಕೈಗವಸು, ಮೂಗಿಗೆ ಮಾಸ್ಕ್ ಇರಲೇಬೇಕು. ಆ ಸಣ್ಣ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ಬಶಿಯ ಚೂರು ಬಾಗಿರುವುದರಿಂದ ಕೆಳಗೆ ಅಂಟು ಜಾಸ್ತಿ ಬೇಕು. ಹಳೆ ಊರು ಆಲಮಟ್ಟಿ ಹಿನ್ನೀರಿಗೆ ಸಿಕ್ಕಾಗ ಅಜ್ಜಿ ಗಂಟುಕಟ್ಟಿ ತಂದ ನೀಲಿ ಅಂಚಿನ ಬಶಿಗಳು ನಮ್ಮ ಮನೆಯಲ್ಲಿದ್ದವು. ಬಾಯಿ ಒಡೆದವನ್ನಷ್ಟೇ ಮುಟ್ಟಬೇಕೆಂಬ ಕರಾರಿನ ಮೇಲೆ ಕೊಟ್ಟಳು.

ಲೆಕ್ಕ

ಮೊದಲ ಸಲ ನವಿಲು, ಮುಖ, ಹೂಬಳ್ಳಿ ಬೇಡ ಎನ್ನುತ್ತೇನೆ. ಕಸೂತಿಯ ನಕ್ಷೆ ಹಿಡಿಯಿರಿ. ಕಸೂತಿ ಎಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಗ್ರಾಫ್ ಹಾಳೆಯ ಮೇಲೆ ಒಂದು ಚೌಕಕ್ಕೆ ಒಂದು ಚೂರು ಎಂದು ಬರೆದರೆ ಗೋಪುರ, ತೇರು ತಾವೇ ಮೂಡುತ್ತವೆ. ಅಗಲ ಬೆಸ ಸಂಖ್ಯೆಯಲ್ಲಿರಲಿ, ಆಗ ನಡುವಿಗೆ ಸರಿಯಾಗಿ ಕಳಸ ಕೂರುತ್ತದೆ.

ನಾನು 21 ಚೌಕದ ಗೋಪುರ ಮಾಡಿದೆ. ಒಂದೊಂದು ಚೌಕ 2 ಸೆಂ.ಮೀ., ಒಟ್ಟು 42 ಎಂದುಕೊಂಡು ಗೋಡೆಗೆ ಗೆರೆ ಎಳೆದೆ. ನಡುವಿನ 20 ಸಂದಿಗಳನ್ನು ಮರೆತಿದ್ದೆ! ಸಂದಿಗೆ 3 ಮಿ.ಮೀ. ಅಂದರೂ 6 ಸೆಂ.ಮೀ. ಆಯಿತು. ಗೋಪುರ 48 ಸೆಂ.ಮೀ. ಆಗಿ ಕಿಟಕಿಯ ಚೌಕಟ್ಟಿಗೆ ಬಡಿಯಿತು. ಹಾಗಾಗಿ ಮೊದಲು ನೆಲದ ಮೇಲೆ ಸಂದಿ ಬಿಟ್ಟೇ ಜೋಡಿಸಿ ಅಳೆಯಿರಿ. ನಕ್ಷೆಗೆ ಕತ್ತರಿಸಿದ ಚೌಕ, ಸುತ್ತಲಿನ ಬಯಲಿಗೆ ಒಡೆದ ಚೂರು ಬಳಸಿದರೆ ಚಂದ.

ಅಂಟಿಸುವುದು

ಸಿಮೆಂಟ್ ಆಧಾರದ ಟೈಲ್ಸ್ ಅಂಟಿನ ಪುಡಿ ತನ್ನಿ. ರೊಟ್ಟಿ ಹಿಟ್ಟಿಗಿಂತ ಮೆತ್ತಗೆ, ಕರಣಿಯಿಂದ ಜಾರದಷ್ಟು ಗಟ್ಟಿ, ಅದು ಹದ. ಸ್ವಲ್ಪ ಸ್ವಲ್ಪವೇ ಕಲಸಿ. ನಮ್ಮ ಬೇಸಿಗೆಯಲ್ಲಿ ಬೆಳಿಗ್ಗೆ ಬಿಸಿಲೇರುವ ಮೊದಲೇ ಮುಗಿಸಬೇಕು, ಇಲ್ಲವಾದರೆ ಬಳಿದ ಅಂಟಿನ ಮೇಲೆ ಕೆನೆಗಟ್ಟಿ ಚೂರು ಹಿಡಿಯುವುದಿಲ್ಲ. ಒಂದು ಸಲಕ್ಕೆ ಒಂದು ಚದರ ಅಡಿ ಸಾಕು. ಕೆಳಗಿನಿಂದ ಮೇಲಕ್ಕೆ ಹೋಗಿ. ಸಂದಿಯಲ್ಲಿ ಉಬ್ಬಿ ಬಂದ ಅಂಟನ್ನು ಹಸಿ ಇರುವಾಗಲೇ ಕಡ್ಡಿಯಿಂದ ತೆಗೆಯಿರಿ.

ಸಂದಿ ತುಂಬುವುದು

ಒಂದು ಪೂರ್ತಿ ದಿನ ಬಿಟ್ಟು ಗ್ರೌಟ್ (ಸಂದಿಗೆ ತುಂಬುವ ಸಿಮೆಂಟ್ ಕಲಸು) ತುಂಬಿ. ಬಿಳಿ ಬೇಡ. ಬಿಳಿ ಹಾಕಿದರೆ ಎಲ್ಲವೂ ಚೆಲ್ಲಾಪಿಲ್ಲಿ ಕಾಣುತ್ತದೆ. ಕಡು ಬೂದಿ ಅಥವಾ ಕಪ್ಪು ಹಾಕಿ ನೋಡಿ, ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಕಸೂತಿಯಂತೆ ಬಣ್ಣ ಎದ್ದು ಬರುತ್ತದೆ. ರಬ್ಬರ್ ತುಂಡಿನಿಂದ ಓರೆಯಾಗಿ ಒತ್ತಿ, ಅರ್ಧ ಗಂಟೆಯೊಳಗೆ ಹಿಂಡಿದ ಸ್ಪಂಜಿನಿಂದ ಒರೆಸಿ. ಮರುದಿನ ಉಳಿದ ಬಿಳಿ ಮಬ್ಬನ್ನು ಒಣಬಟ್ಟೆಯಿಂದ ತಿಕ್ಕಿ. ಎರಡು-ಮೂರು ದಿನ ನೀರು ಚಿಮುಕಿಸಿ.

ದೀಪಾವಳಿಗೆ ಮನೆ ತೊಳೆಯುವಾಗ ಆ್ಯಸಿಡ್ ಮಾತ್ರ ಹಾಕಬೇಡಿ. ಅದು ಸಂದಿಯ ಸಿಮೆಂಟನ್ನೇ ತಿನ್ನುತ್ತದೆ. ನಮ್ಮ ಗೋಪುರದ ಬಲಗಡೆಯ ಬುಡ ಹಾಗೆಯೇ ಹೋಗಿದೆ. ಸದ್ಯಕ್ಕೆ ಅಲ್ಲಿ ಸೈಕಲ್ ನಿಲ್ಲಿಸುತ್ತಿದ್ದೇವೆ.