ಪದರದ ಹರಳನ್ನು ಒತ್ತಡದಲ್ಲಿ ಅಂಚಿನ ಮೇಲೆ ನಿಲ್ಲಿಸಿದೆ: ನನ್ನ ಅನುಭವ

ಬಿಸ್ಮತ್ ಟ್ರೈಅಯೊಡೈಡಿನ c ಅಕ್ಷ, ಅಂದರೆ ಪದರಗಳು ಒಂದರ ಮೇಲೊಂದು ಪೇರಿದ ದಿಕ್ಕಿನ ಅಳತೆ, ಒತ್ತಡಕ್ಕೆ ಎಷ್ಟು ಕುಗ್ಗುತ್ತದೆ ಅಂತ ಕೊನೆಗೂ ನೇರವಾಗಿ ಅಳೆದೆ. ಎರಡು ವಜ್ರದ ತುದಿಗಳ ನಡುವೆ ಒತ್ತುವ ಸೆಲ್‌ನಲ್ಲಿ, ಹರಳನ್ನು ಮಲಗಿಸದೆ, ಅಂಚಿನ ಮೇಲೆ ನಿಲ್ಲಿಸಿ. ‘ಅದು ನಿಲ್ಲಲ್ಲ, ನಿಂತರೂ ಗ್ಯಾಸ್ ತುಂಬುವಾಗ ಬೀಳುತ್ತೆ, ವಜ್ರ ಒಡೆದುಕೊಳ್ಳಬೇಡ’ ಅಂದವರೇ ಜಾಸ್ತಿ. ನಿಂತಿತು. ಸುಮಾರು 8 ಗಿಗಾಪ್ಯಾಸ್ಕಲ್ (ಜಿಪಿಎ) ವರೆಗೂ ನಿಂತೇ ಇತ್ತು.

ಸಮಸ್ಯೆ ಎಲ್ಲರಿಗೂ ಗೊತ್ತಿರುವುದೇ. ಈ ಹರಳುಗಳು ಹಾಳೆಯಂತೆ ಬೆಳೆಯುತ್ತವೆ, ಸೆಲ್‌ಗೆ ಹಾಕಿದ ತಕ್ಷಣ ವಜ್ರದ ಮೇಲೆ ಚಪ್ಪಟೆಯಾಗಿ ಮಲಗುತ್ತವೆ. ಎಕ್ಸ್-ರೇ ಹೋಗುವುದೂ ಅದೇ ದಿಕ್ಕಿನಲ್ಲಿ. ಹಾಗಾಗಿ ಎಕ್ಸ್-ರೇ ಚಿತ್ರದಲ್ಲಿ hk0 ಚುಕ್ಕೆಗಳು (ಪದರದೊಳಗಿನ ಜೋಡಣೆಯವು) ಚೆನ್ನಾಗಿ ಸಿಗುತ್ತವೆ, 00l (ಪದರಗಳ ನಡುವಿನ ದೂರದವು) ಒಂದೂ ಸಿಗಲ್ಲ. ಪದರಗಳ ನಡುವಿನ ಸಂದಿ ತಾನೇ ಮೊದಲು ಕುಗ್ಗುವುದು? ಬೇಕಾದ್ದೇ ಕಾಣದಿದ್ದರೆ ಉಳಿದದ್ದು ಇಟ್ಟುಕೊಂಡು ಏನು ಮಾಡೋದು!

ಮೊದಲು ಎಲ್ಲರಂತೆ ಪುಡಿ ಮಾಡಿ ನೋಡಿದೆ. ಈ ವಸ್ತು ತುಂಬಾ ಮೆದು, ಅರೆದರೆ ಪುಡಿಯಾಗುವ ಬದಲು ಒರಳಿಗೆ ಮೆತ್ತಿಕೊಳ್ಳುತ್ತದೆ. ಪದರಗಳು ಜಾರಿ ಜೋಡಣೆಯೇ ಕೆಡುತ್ತದೆ, ಅಷ್ಟೆಲ್ಲ ಆದ ಮೇಲೂ ಚೂರುಗಳು ಚಪ್ಪಟೆಯಾಗಿಯೇ ಮಲಗುತ್ತವೆ. ಗಾಜಿನ ಪುಡಿ ಬೆರೆಸಿದೆ. ದಿಕ್ಕುಗಳು ಸ್ವಲ್ಪ ಚದುರಿದವು, ಆದರೆ ಸಿಗ್ನಲ್ ಸತ್ತೇ ಹೋಯಿತು. ಎಕ್ಸ್-ರೇ ದಾಟಿಸುವ ಬೆರಿಲಿಯಂನ ಗ್ಯಾಸ್ಕೆಟ್ (ವಜ್ರಗಳ ನಡುವೆ ಹರಳನ್ನು ಸುತ್ತುವರಿಯುವ, ರಂಧ್ರವಿರುವ ಲೋಹದ ತಗಡು) ಹಾಕಿ ಅಡ್ಡದಿಂದ ಕಿರಣ ಬಿಡಬಹುದಿತ್ತು. ಆ ವಿಷವನ್ನು ಕೊರೆಯುವುದು ನನಗೆ ಬೇಡವಾಗಿತ್ತು.

ಹರಳಿನ ಸುತ್ತ ತುಂಬಿ ಒತ್ತಡವನ್ನು ಎಲ್ಲ ಕಡೆಗೂ ಸಮವಾಗಿ ಹಂಚುವ ಮಾಧ್ಯಮದ ಕಥೆ ಇನ್ನೊಂದು. ದುಡ್ಡು ಉಳಿಸೋಣ ಅಂತ ಮೆಥನಾಲ್-ಎಥನಾಲ್ 4:1 ಸುರಿದೆ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಂತೆ ಕಪ್ಪು ಹರಳಿನ ಚೂಪು ಮೂಲೆಗಳು ಮೊಂಡಾದವು, ಸುತ್ತ ಹಳದಿ ಬಣ್ಣ ಹರಡಿತು. ಬಿಸ್ಮತ್ ಅಯೊಡೈಡ್ ಎಥನಾಲ್‌ನಲ್ಲಿ ಕರಗುತ್ತದೆ, ಅದಕ್ಕೆ ಆ ಮಿಶ್ರಣ ಇಲ್ಲಿ ನಡೆಯಲ್ಲ. ಸಿಲಿಕೋನ್ ಎಣ್ಣೆ ಅಗ್ಗ, ಹರಳಿಗೂ ಏನೂ ಮಾಡಲ್ಲ, ಆದರೆ ಕೆಲವೇ ಜಿಪಿಎ ದಾಟುವಷ್ಟರಲ್ಲಿ ಒತ್ತಡ ಅಳೆಯಲು ಇಡುವ ರೂಬಿ ಚೂರಿನ ಬೆಳಕಿನ ಗೆರೆಗಳು ಅಗಲವಾಗಿ ಒಂದಕ್ಕೊಂದು ಸೇರತೊಡಗುತ್ತವೆ, ಅಂದರೆ ಒತ್ತಡ ಸಮವಾಗಿಲ್ಲ. ಹೀಲಿಯಂ ಎಲ್ಲಕ್ಕಿಂತ ಮೆದು ನಿಜ, ಆದರೆ ಅದು ಸಿಲಿಕಾ ಗಾಜಿನೊಳಕ್ಕೇ ನುಗ್ಗುವಂಥದ್ದು, ಪದರಗಳ ಸಂದಿಯ ವಿಷಯದಲ್ಲಿ ಅದನ್ನು ನಂಬಲು ಮನಸ್ಸಾಗಲಿಲ್ಲ. ನಿಯಾನ್ ಹಾಕಿದೆ. 4.8 ಜಿಪಿಎ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಆದರೂ ನನ್ನ ಮಿತಿಯವರೆಗೆ ಸಾಕಷ್ಟು ಮೆದುವೇ. ದುಡ್ಡು ಹೋದದ್ದು ಇಲ್ಲೇ. ಪ್ರತಿ ಸಲ ಗ್ಯಾಸ್ ತುಂಬಿಸಲು ಬೇರೆ ಲ್ಯಾಬಿಗೆ ಶುಲ್ಕ ಕಟ್ಟಬೇಕು, ಹರಳು ಬಿದ್ದರೆ ಅಷ್ಟೂ ನೀರಿಗೆ. ಅದಕ್ಕೇ ಗ್ಯಾಸ್ಕೆಟ್‌ಗೆ ರೀನಿಯಂ ಬಿಟ್ಟು ಸ್ಟೀಲ್ ಹಿಡಿದೆ. ಒಂದು ರೀನಿಯಂ ತುಣುಕಿನ ಬೆಲೆಗೆ ಸ್ಟೀಲ್ ಗ್ಯಾಸ್ಕೆಟ್ ರಾಶಿ ಬರುತ್ತವೆ, ಈ ಒತ್ತಡಕ್ಕೆ ಅದು ಧಾರಾಳ ಸಾಕು.

ಈಗ ನಿಲ್ಲಿಸಿದ್ದು ಹೇಗೆ. ಕ್ಯೂಲೆಟ್, ಅಂದರೆ ವಜ್ರದ ಒತ್ತುವ ಚಪ್ಪಟೆ ತುದಿ, 500 ಮೈಕ್ರಾನ್. 250 ಮೈಕ್ರಾನ್ ದಪ್ಪದ ಸ್ಟೀಲ್ ಅನ್ನು ಸುಮಾರು 80ಕ್ಕೆ ಒತ್ತಿ 250 ಅಗಲದ ರಂಧ್ರ ಕೊರೆದೆ. ಹರಳಿನಿಂದ ಸುಮಾರು 30 ಮೈಕ್ರಾನ್ ಅಗಲದ ಪಟ್ಟಿ ಕತ್ತರಿಸಿ, ಅಗಲವೇ ಎತ್ತರವಾಗುವಂತೆ ಎತ್ತಿ ನಿಲ್ಲಿಸಿದೆ. ಇದಕ್ಕಿಂತ ಎತ್ತರ ಬೇಡ. ಒತ್ತಡ ಏರಿದಂತೆ ಗ್ಯಾಸ್ಕೆಟ್ ತೆಳುವಾಗುತ್ತದೆ, ಮೇಲಿನ ವಜ್ರ ಪಟ್ಟಿಯ ತಲೆಗೆ ತಾಗಿದರೆ ಪದರಗಳು ಬಾಗುತ್ತವೆ. ಆಗ 00l ಚುಕ್ಕೆ ಚುಕ್ಕೆಯಾಗಿ ಉಳಿಯಲ್ಲ, ಎಳೆದು ಬಿಲ್ಲಿನಂತಾಗುತ್ತದೆ. ಮೊದಲ ಕೆಲವು ಲೋಡಿಂಗ್‌ಗಳು ಹೀಗೇ ಹಾಳಾದವು.

ಕತ್ತರಿಸುವುದೇ ಇಡೀ ಕೆಲಸದ ಜೀವಾಳ. ಬ್ಲೇಡನ್ನು ಎಳೆಯಬಾರದು, ಒಂದೇ ಏಟಿಗೆ ಮೇಲಿನಿಂದ ಒತ್ತಬೇಕು. ಪಟ್ಟಿಯ ಎರಡೂ ಪಕ್ಕಕ್ಕೆ ಏನನ್ನು ಆನಿಸಿದೆ ಅಂತ ಇಲ್ಲಿ ಬರೆಯಲ್ಲ, ಇನ್ನೂ ಒಂದೆರಡು ಹರಳು ಅಳೆಯುವುದಿದೆ. ಅದು ನಿಯಾನ್‌ಗೆ ದಾರಿ ಬಿಡುವಂಥದ್ದು, ಅಷ್ಟು ಸಾಕು ಅಲ್ವಾ. ಇನ್ನೊಂದು ಮಾತು: ಪಟ್ಟಿಯ c ಅಕ್ಷ ಸೆಲ್ ತಿರುಗುವ ಅಕ್ಷಕ್ಕೆ ಅಡ್ಡವಾಗಿರಬೇಕು. ತಿರುಗುವ ಅಕ್ಷದ ಉದ್ದಕ್ಕೇ ಇಟ್ಟರೆ ಎಷ್ಟು ತಿರುಗಿಸಿದರೂ 00l ಬರಲ್ಲ.

ಎಕ್ಸ್-ರೇ ಕಿರಣದ ಶಕ್ತಿ 30 ಕೆಇವಿ (ಕಿಲೋ ಎಲೆಕ್ಟ್ರಾನ್‌ವೋಲ್ಟ್). ಅಯೊಡಿನ್ ಎಕ್ಸ್-ರೇಯನ್ನು ಒಮ್ಮೆಲೇ ಜೋರಾಗಿ ಹೀರತೊಡಗುವ ಕೆ ಅಂಚು 33.17ರಲ್ಲಿದೆ, ಅದರ ಕೆಳಗೇ ಇದ್ದರೆ ಹಿನ್ನೆಲೆ ಶಾಂತ. ಆದರೆ 00l ಸಾಲಿನ 003 ಸುಮಾರು 3.4 ಡಿಗ್ರಿಯಲ್ಲಿ ಬರುತ್ತದೆ, ನೇರ ಕಿರಣವನ್ನು ತಡೆಯುವ ಬೀಮ್‌ಸ್ಟಾಪ್ ದಪ್ಪ ಇದ್ದರೆ ಅದರ ನೆರಳಿಗೇ ಹೋಗುತ್ತದೆ. ನಾನು ಅದೇ ಸಾಲಿನ 006 ಮತ್ತು 0 0 12 ಹಿಡಿದೆ.

ಫಲ ನೋಡಿದಾಗ ಅಷ್ಟು ದಿನದ ಖರ್ಚು ಮರೆತೇಹೋಯಿತು. ಮೊದಲ 1 ಜಿಪಿಎಯಲ್ಲೇ c ಶೇ. 3ರ ಹತ್ತಿರ ಕುಗ್ಗಿತು, ಪದರದೊಳಗಿನ ಅಳತೆ a ಅದರ ಮೂರನೇ ಒಂದು ಭಾಗದಷ್ಟು. ಮೇಲೆ ಹೋದಂತೆ ಈ ಅಂತರ ಕಡಿಮೆಯಾಗುತ್ತದೆ, ಸಂದಿ ತುಂಬಿದ ಮೇಲೆ ಅಯೊಡಿನ್‌ಗಳು ಒಂದನ್ನೊಂದು ತಳ್ಳತೊಡಗುತ್ತವೆ. ಇದಕ್ಕಿಂತ ಖುಷಿ ಕೊಟ್ಟದ್ದು ಎಕ್ಸ್-ರೇ ಚಿತ್ರದಲ್ಲಿ ಚುಕ್ಕೆಗಳು ಎಳೆದಂತೆ ಕಂಡ ಗೀರುಗಳು. 00l ಚುಕ್ಕೆಗಳು ಚೂಪಾಗಿಯೇ ಇವೆ, ಆದರೆ ಪಕ್ಕದ ಕೆಲವು ಸಾಲುಗಳಲ್ಲಿ c* ದಿಕ್ಕಿಗೆ (ಚಿತ್ರದಲ್ಲಿ 00l ಚುಕ್ಕೆಗಳು ಸಾಲಾಗಿ ಬರುವ ದಿಕ್ಕಿಗೆ) ಗೀರು ಎದ್ದಿದೆ. ಅಂದರೆ ಪದರಗಳ ನಡುವಿನ ದೂರ ಕೆಟ್ಟಿಲ್ಲ, ಪದರಗಳು ಪಕ್ಕಕ್ಕೆ ಜಾರಿವೆ. ಮಲಗಿಸಿದ ಹರಳಿನಲ್ಲಿ ಇದು ಹೀಗೆ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕತ್ತರಿಸುವಾಗ ಪದರ ಜಾರಿ ಆದ ಗೀರು ಸೊನ್ನೆ ಒತ್ತಡದಲ್ಲೇ ಇರುತ್ತದೆ, ಅದಕ್ಕೆ ಸೆಲ್ ಬಿಗಿಯುವ ಮೊದಲು ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಒತ್ತಡದಿಂದ ಬಂದ ಗೀರು 4 ಜಿಪಿಎ ಸಮೀಪ ಬಲವಾಯಿತು, ಸ್ವಲ್ಪ ಮೇಲೆ ಹೊಸ ಚುಕ್ಕೆಗಳೂ ಬಂದವು.

ನಡುವೆ ಉಳಿದ ಗ್ಯಾಸ್ಕೆಟ್‌ಗಳಲ್ಲಿ ಲೆಡ್ ಅಯೊಡೈಡ್ ಕೂಡ ಹಾಕಿ ನೋಡಿದೆ, ನೋಡಲೇ ಚೆಂದ, ಒತ್ತಿದಂತೆ ಹಳದಿ ಕೆಂಪಿನ ಕಡೆಗೆ ತಿರುಗುತ್ತದೆ. ರೂಬಿ ಅಳೆಯುವ ಲೇಸರ್ ಮಾತ್ರ ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ, ಜೋರು ಬೆಳಕಿಗೆ ಅದು ಒಡೆದು ಅಯೊಡಿನ್ ಬಿಡುತ್ತದೆ. ನಾನು ರೂಬಿಗಳನ್ನು ರಂಧ್ರದ ಎದುರುಬದುರು ಅಂಚಿನಲ್ಲಿ ಎರಡು ಇಡುತ್ತೇನೆ, ಎರಡರ ಲೆಕ್ಕ 0.1 ಜಿಪಿಎಗಿಂತ ಜಾಸ್ತಿ ಬೇರೆಯಾದರೆ ಆ ಲೋಡಿಂಗ್ ಅಲ್ಲಿಗೇ ನಿಲ್ಲಿಸುತ್ತೇನೆ.